ಕುಳಿತ ಹೊತ್ತು, ಮಾಡಿದ ಕೆಲಸ

ಶ್ರಾವಣ ಮಾಸದ ಸಂಜೆಯ ಪ್ರವಚನ



ನಮ್ಮ ಪೇಟೆಯಲ್ಲಿ ಹಿಂದೆ ಒಂದು ಪದ್ಧತಿ ಇತ್ತು. ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬೇಕು. ಅಂಗಡಿಕಾರನು ರಾತ್ರಿ ಕದ ಹಾಕುವುದಕ್ಕೆ ಮೊದಲು ಗಾದಿಯ ಮೇಲೆ ಕುಳಿತು ಕಂದೀಲಿನ ಬೆಳಕಿನಲ್ಲಿ ಖಿರ್ದಿ ಪುಸ್ತಕ ಬಿಚ್ಚುತ್ತಿದ್ದನು. ಬಂದದ್ದೆಷ್ಟು, ಹೋದದ್ದೆಷ್ಟು, ಕೈಯಲ್ಲಿ ಉಳಿದದ್ದೆಷ್ಟು ಎಂದು ಬರೆಯುತ್ತಿದ್ದನು. ಪೆಟ್ಟಿಗೆಯ ಹಣಕ್ಕೂ ಪುಸ್ತಕದ ಬಾಕಿಗೂ ತಾಳೆಯಾಗಬೇಕು. ನಾಲ್ಕಾಣೆ ವ್ಯತ್ಯಾಸ ಬಂದರೆ ಮನೆಯಿಂದ ಮೂರು ಸಲ ಕರೆ ಬಂದರೂ ಊಟಕ್ಕೆ ಏಳುತ್ತಿರಲಿಲ್ಲ. ನಾಲ್ಕಾಣೆ ದೊಡ್ಡದೆಂದು ಹಾಗೆ ಮಾಡುತ್ತಿದ್ದನೆ? ಇಲ್ಲ. ಇವತ್ತಿನ ತಪ್ಪು ಇವತ್ತೇ ಸಿಗಬೇಕು, ನಾಳೆಗೆ ಉಳಿದರೆ ಅದು ಸಿಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಅದೇ ಅಂಗಡಿಕಾರನನ್ನು ಕರೆದು ಕೇಳಿರಿ: "ಇವತ್ತಿನ ಹೊತ್ತು ಎಲ್ಲಿ ಹೋಯಿತಪ್ಪ?" ಅವನು ಏನೆನ್ನುತ್ತಾನೆ? "ಅಪ್ಪಾವರೆ, ಕೆಲಸ! ಪುರುಸೊತ್ತೇ ಇಲ್ಲ." ಯಾವ ಕೆಲಸ ಎಂದು ಮತ್ತೆ ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ಹಣಕ್ಕೆ ಪುಸ್ತಕ ಉಂಟು, ಹೊತ್ತಿಗೆ ಪುಸ್ತಕ ಇಲ್ಲ. ಕಳೆದ ಹಣವನ್ನು ಮತ್ತೆ ಗಳಿಸಬಹುದು. ಕಳೆದ ಹೊತ್ತನ್ನು ಗಳಿಸುವ ಪೇಟೆ ಯಾವುದೂ ಇಲ್ಲ. ಆದರೂ ಲೆಕ್ಕ ಮಾತ್ರ ಹಣಕ್ಕೇ.

ಈಗ ಕೆಲಸದ ರೀತಿಯೂ ಬದಲಾಗಿದೆ. ಒಕ್ಕಲಿಗನು ಗಳೆ ಹೊಡೆದರೆ ಸಾಲು ಕಾಣುತ್ತದೆ. ನೇಕಾರನು ಮಗ್ಗದಿಂದ ಏಳುವಾಗ ಎಷ್ಟು ಮೊಳ ನೇಯ್ದೆನೆಂದು ಕೈಯಿಂದಲೇ ಅಳೆಯಬಹುದು. ಕುಂಬಾರನ ಮುಂದೆ ಗಡಿಗೆಗಳು ಸಾಲಾಗಿ ಕುಳಿತಿರುತ್ತವೆ. ಗಣಕಯಂತ್ರದ ಮುಂದೆ ಕುಳಿತವನಿಗೆ ಈ ಅನುಕೂಲ ಇಲ್ಲ. ಅವನ ಹೊಲವೂ ಆ ಗಾಜಿನೊಳಗೇ ಇದೆ, ಅವನ ಪೇಟೆಯೂ ಅಲ್ಲೇ ಇದೆ, ಹರಟೆಯ ಕಟ್ಟೆಯೂ ನಾಟಕದ ಥಿಯೇಟರೂ ಅಲ್ಲೇ ಇವೆ. ಕೆಲಸ ಮಾಡುವಾಗಲೂ ಹರಟೆ ಹೊಡೆಯುವಾಗಲೂ ಅವನು ಕೂಡುವ ಭಂಗಿ ಒಂದೇ, ಬೆರಳು ಆಡಿಸುವ ರೀತಿ ಒಂದೇ. ಮನೆಯಲ್ಲಿ ಕುಳಿತೇ ಆಫೀಸಿನ ಕೆಲಸ ಮಾಡುವ ಸೊಸೆಯನ್ನು ನೋಡಿ ಅತ್ತೆ, "ಇವಳು ಬೆಳಗಿನಿಂದ ಆಟ ಆಡುತ್ತ ಕುಳಿತಿದ್ದಾಳೆ" ಎನ್ನುತ್ತಾಳೆ. ಪಕ್ಕದ ಕೋಣೆಯಲ್ಲಿ ನಿಜವಾಗಿ ಆಟವನ್ನೇ ಆಡುತ್ತಿರುವ ಮಗನನ್ನು ನೋಡಿ, "ಪಾಪ, ಎಷ್ಟು ದುಡಿಯುತ್ತಾನೆ" ಎನ್ನುತ್ತಾಳೆ. ನೀವು ನಗುತ್ತೀರಿ. ಆದರೆ ಹೊರಗಿನವರಿಗೆ ತಿಳಿಯದೆ ಹೋದರೆ ಅಷ್ಟು ಕೇಡಿಲ್ಲ. ಕುಳಿತವನಿಗೇ ತಿಳಿಯದೆ ಹೋಗುತ್ತದೆ, ಕೇಡು ಇರುವುದು ಅಲ್ಲಿ.

ಇದನ್ನು ನಾವು ಪರರ ಮಾತಾಗಿ ಹೇಳುತ್ತಿಲ್ಲ. ನಮ್ಮ ಮೇಲೆ ಬಂದದ್ದನ್ನೇ ಹೇಳುತ್ತೇವೆ.

ನಮ್ಮ ಮಠದ ಹಿಂದಿನ ಗುರುಗಳು ಪ್ರವಚನ ಹೇಳುವಾಗ ಮುಂದಿನ ಸಾಲಿನಲ್ಲಿ ಒಬ್ಬ ಶಾಲಾ ಮಾಸ್ತರರು ಕುಳಿತು ಬರೆದುಕೊಳ್ಳುತ್ತಿದ್ದರು. ಹಾಗೆ ಬರೆದ ಏಳು ದೊಡ್ಡ ನೋಟುಪುಸ್ತಕಗಳು ಅವರ ಟ್ರಂಕಿನಲ್ಲಿದ್ದವು. ಒಂದು ದಿನ ಆ ಏಳನ್ನೂ ಬಿಳಿ ವಸ್ತ್ರದಲ್ಲಿ ಕಟ್ಟಿಕೊಂಡು ಬಂದು ನಮ್ಮ ಮುಂದೆ ಇಟ್ಟರು. "ಇವು ಅಚ್ಚಾಗಬೇಕು. ನನ್ನ ಕಣ್ಣು ಇರುವಾಗ ಒಂದು ಸಲ ಓದಬೇಕೆಂಬ ಆಸೆ" ಎಂದರು. ಅವರ ಅಕ್ಷರ ಬೇರೆಯವರಿಗೆ ತಿಳಿಯುವಂತಿರಲಿಲ್ಲ. ಅರ್ಧ ಮಾತು ಬರೆದು ಅರ್ಧ ಬಿಟ್ಟಿದ್ದರು. ಆ ಗುರುಗಳ ಮಾತಿನ ಧಾಟಿ ಬಲ್ಲವರೇ ಅದನ್ನು ತುಂಬಿ ಬರೆಯಬೇಕಾಗಿತ್ತು. ಆದ್ದರಿಂದ ನಾವೇ ಮಾಡುತ್ತೇವೆ ಎಂದು ಮಾತು ಕೊಟ್ಟೆವು.

ಮಾತು ಕೊಟ್ಟು ಮೂರು ವರ್ಷವಾಯಿತು. ಮುಗಿದದ್ದು ಒಂದೂವರೆ ನೋಟುಪುಸ್ತಕ. ಮಾಸ್ತರರು ಜಾತ್ರೆಗೆ ಬಂದಾಗಲೆಲ್ಲ ನಾವು, "ನಡೆದಿದೆ ಮಾಸ್ತರೆ, ಹೊತ್ತು ಸಾಲುತ್ತಿಲ್ಲ" ಎನ್ನುತ್ತಿದ್ದೆವು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ದಿನಕ್ಕೆ ಆರೇಳು ತಾಸು ಗಣಕಯಂತ್ರದ ಮುಂದೆ ಕೂಡುತ್ತೇವೆ, ಅದರಲ್ಲಿ ಮೂರು ತಾಸಾದರೂ ಈ ಕೆಲಸಕ್ಕೆ ಹೋಗುತ್ತದೆ ಎಂದು ನಾವು ಮನಸಾರೆ ನಂಬಿದ್ದೆವು. ಬೆನ್ನು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ದಣಿವು ಇದ್ದ ಮೇಲೆ ದುಡಿಮೆ ಆಗಿರಲೇಬೇಕಲ್ಲವೆ?

ಒಮ್ಮೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಒಬ್ಬ ತರುಣ ಭಕ್ತನು ಬಂದಿದ್ದನು. ನಮ್ಮ ಮಾತು ಕೇಳಿ, "ಅಪ್ಪಾವರೆ, ಅಪ್ಪಣೆಯಾದರೆ ಯಂತ್ರದೊಳಗೆ ಒಬ್ಬ ಕಾವಲುಗಾರನನ್ನು ಕೂಡಿಸುತ್ತೇನೆ. ಅವನು ಏನೂ ಮಾತಾಡುವುದಿಲ್ಲ, ಬರೆದಿಡುತ್ತಾನೆ ಅಷ್ಟೆ" ಎಂದನು. ಆಗಲಿ ಎಂದೆವು. ಅವನು ಹಾಕಿದ್ದು ಆಕ್ಟಿವಿಟಿವಾಚ್ ಎಂಬ ಹೆಸರಿನ ತಂತ್ರಾಂಶ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅದು ಬರೆದ ಲೆಕ್ಕ ನಮ್ಮ ಯಂತ್ರದಲ್ಲಿಯೇ ಉಳಿಯುತ್ತದೆ, ಹೊರಗೆ ಹೋಗುವುದಿಲ್ಲ. ಅದರ ಕೆಲಸ ಬಹಳ ಸರಳ. ಈಗ ಕಣ್ಣ ಮುಂದೆ ತೆರೆದಿರುವ ಕಿಟಕಿ ಯಾವುದು, ಅದರ ತಲೆಬರಹ ಏನು ಎಂದು ಕ್ಷಣಕ್ಷಣಕ್ಕೂ ನೋಡಿ ಗುರುತು ಮಾಡುತ್ತದೆ. ಕೀಲಿಮಣೆಯನ್ನೂ ಮೌಸನ್ನೂ ಮೂರು ನಿಮಿಷ ಯಾರೂ ಮುಟ್ಟದಿದ್ದರೆ ಆಸನ ಖಾಲಿ ಎಂದು ಬರೆದುಕೊಳ್ಳುತ್ತದೆ. ಸಂಜೆ ನೋಡಿದರೆ ಬಣ್ಣಬಣ್ಣದ ಪಟ್ಟಿಗಳಲ್ಲಿ ಇಡೀ ದಿನ ಹಾಸಿಕೊಂಡಿರುತ್ತದೆ.

ಆ ಹುಡುಗನು ಒಂದು ಜಾಣತನದ ಮಾತು ಹೇಳಿದನು. "ಒಂದು ವಾರ ಇದನ್ನು ತೆರೆದು ನೋಡಬೇಡಿರಿ. ಏನೂ ಬದಲಾಯಿಸಬೇಡಿರಿ. ನೀವು ಇದ್ದ ಹಾಗೆಯೇ ಇರಿ." ನಾವು ಹಾಗೆಯೇ ಮಾಡಿದೆವು. ಆರು ದಿನ ಕಳೆದ ಮೇಲೆ ತೆರೆದೆವು. ಬಾಯಿಪಾಠವಾಗಿರುವ ಆ ಲೆಕ್ಕವನ್ನು ನಿಮ್ಮ ಮುಂದೆ ಒಪ್ಪಿಸುತ್ತೇವೆ.

ಯಂತ್ರದ ಮುಂದೆ ಕುಳಿತದ್ದು ಒಟ್ಟು 38 ತಾಸು 20 ನಿಮಿಷ. ಅದರಲ್ಲಿ ಪತ್ರ ಮತ್ತು ವಾಟ್ಸಾಪ್ ಸಂದೇಶಗಳಿಗೆ 13 ತಾಸು 10 ನಿಮಿಷ. ಸುದ್ದಿ ಓದಿದ್ದು, ಒಂದರಿಂದ ಒಂದಕ್ಕೆ ಹಾರಿ ವಿಡಿಯೊ ನೋಡಿದ್ದು 9 ತಾಸು 40 ನಿಮಿಷ. ಸಮಾರಂಭದ ಚಿತ್ರ, ಆಮಂತ್ರಣ ಪತ್ರಿಕೆ ತಿದ್ದಿದ್ದು 6 ತಾಸು 30 ನಿಮಿಷ. ಶಾಲೆ, ಪ್ರಸಾದ ನಿಲಯಗಳ ಕಾಗದಪತ್ರ 5 ತಾಸು 50 ನಿಮಿಷ. ಮಾಸ್ತರರ ನೋಟುಪುಸ್ತಕದ ಕೆಲಸ 3 ತಾಸು 10 ನಿಮಿಷ.

ದಿನಕ್ಕೆ ಮೂರು ತಾಸು ಎಂದು ನಂಬಿದ್ದೆವು. ವಾರಕ್ಕೆ ಮೂರು ತಾಸು ಆಗಿತ್ತು. ಆ ಮೂರು ತಾಸಾದರೂ ಒಟ್ಟಾಗಿ ಇತ್ತೆ? ಅದೂ ಇಲ್ಲ. ಆ ಫೈಲನ್ನು 57 ಸಲ ತೆರೆದಿದ್ದೆವು. ಸಲಕ್ಕೆ ಮೂರು ನಿಮಿಷ ಚಿಲ್ಲರೆ. ಇಡೀ ವಾರದಲ್ಲಿ ಎಡೆಬಿಡದೆ ಕುಳಿತ ಅತಿ ಉದ್ದದ ಹೊತ್ತು 14 ನಿಮಿಷ. ಹೊಲಕ್ಕೆ ಹೋಗಿ, ಗಳೆ ಹೂಡಿ, ಎರಡು ಹೆಜ್ಜೆ ಹೊಡೆದು, ಕೊಳ್ಳು ಹರಿದು ಮನೆಗೆ ಬಂದು, ಮತ್ತೆ ಹೋಗಿ ಹೂಡಿ, ಮತ್ತೆ ಬಂದು, ಹೀಗೆ 57 ಸಲ ಮಾಡಿದ ಒಕ್ಕಲಿಗನನ್ನು ನೀವು ಏನೆಂದು ಕರೆಯುತ್ತೀರಿ? ಅವನೂ ಸಂಜೆಗೆ ದಣಿದಿರುತ್ತಾನೆ. ನಮ್ಮ ದಣಿವು ಆ ಜಾತಿಯದಾಗಿತ್ತು.

ನೋಡಿರಿ, ನಾವು ನಮ್ಮ ಬಗ್ಗೆ ಇಟ್ಟುಕೊಂಡ ಅಂದಾಜು ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಬೇಡವಾದ ಹೊತ್ತು ಸ್ವಲ್ಪವೇ ಎನ್ನಿಸುತ್ತದೆ, ಮಾಡಬೇಕಾದ ಕೆಲಸ ಬಹಳ ಮಾಡಿದೆ ಎನ್ನಿಸುತ್ತದೆ. ಮೊಬೈಲು, ಗಣಕಯಂತ್ರಗಳ ಬಳಕೆಯ ಬಗ್ಗೆ ನಡೆದ ಹಲವಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗಿ ನೋಡಿದ ಒಂದು ಸಂಶೋಧನೆ 2021ರಲ್ಲಿ ಪ್ರಕಟವಾಯಿತು. ಜನರು ಬಾಯಿಂದ ಹೇಳಿದ ಹೊತ್ತಿಗೂ ಯಂತ್ರ ಬರೆದಿಟ್ಟ ಹೊತ್ತಿಗೂ ಸರಿಯಾಗಿ ತಾಳೆ ಬೀಳುವುದು ಅಪರೂಪ ಎಂದು ಅದು ತೋರಿಸಿತು. ಕೆಲವರು ಹೆಚ್ಚು ಹೇಳಿದರು, ಕೆಲವರು ಕಡಿಮೆ ಹೇಳಿದರು. ಸರಿಯಾಗಿ ಹೇಳಿದವರು ಕೆಲವರೇ.

ಮನಸ್ಸು ಹೀಗೆ ಹಾರುವುದನ್ನೂ ಅಳೆದವರಿದ್ದಾರೆ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದಲ್ಲಿ ಗ್ಲೋರಿಯಾ ಮಾರ್ಕ್ ಎಂಬ ವಿದುಷಿ ಇದ್ದಾರೆ. ಕಚೇರಿಯಲ್ಲಿ ಕೆಲಸ ಮಾಡುವವರ ಹಿಂದೆ ಗಡಿಯಾರ ಹಿಡಿದು ಕುಳಿತು ನೋಡಿದವರು. ಒಂದು ಪರದೆಯ ಮೇಲೆ ಗಮನ ನಿಲ್ಲುವ ಹೊತ್ತು 2004ರ ಸುಮಾರಿನಲ್ಲಿ ಸರಾಸರಿ ಎರಡೂವರೆ ನಿಮಿಷ ಇತ್ತು, ಇತ್ತೀಚಿನ ವರ್ಷಗಳಲ್ಲಿ ಅದು 47 ಸೆಕೆಂಡಿಗೆ ಇಳಿದಿದೆ ಎಂದು 2023ರ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ. ಬಿಟ್ಟ ಕೆಲಸಕ್ಕೆ ಮರಳಿ ಬರುವುದಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ ಎಂದೂ ಅವರು ಕಂಡರು. ಇನ್ನೊಂದು ಮಾತನ್ನು ನೀವು ಗಮನಿಸಬೇಕು. ಕೆಲಸ ಕಡಿದುಹೋಗುವುದಕ್ಕೆ ಹೊರಗಿನವರು ಕಾರಣ ಎಂದು ನಾವು ದೂರುತ್ತೇವೆ. ಫೋನು ಬಂತು, ಯಾರೋ ಕರೆದರು ಎನ್ನುತ್ತೇವೆ. ಅರ್ಧದ ಹತ್ತಿರ ಅಡಚಣೆಗಳು ತಾವೇ ಮಾಡಿಕೊಂಡವು ಎಂದು ಅವರ ಲೆಕ್ಕ ಹೇಳಿತು. ಯಾರೂ ಕರೆಯದೆಯೇ ಮನುಷ್ಯನು ಎದ್ದು ಹೋಗುತ್ತಾನೆ!

ನಮ್ಮ ಲೆಕ್ಕ ನೋಡಿದ ರಾತ್ರಿ ನಮಗೆ ನಾಚಿಕೆಯಾಯಿತು. ಮರುದಿನದಿಂದ ಏನು ಮಾಡಿದೆವು ಗೊತ್ತೆ? ಅದನ್ನೂ ಮುಚ್ಚಿಡುವುದಿಲ್ಲ. ನೋಟುಪುಸ್ತಕದ ಫೈಲನ್ನು ಬೆಳಗ್ಗೆ ತೆರೆದು ಹಾಗೆಯೇ ಇಡತೊಡಗಿದೆವು. ಪಕ್ಕದಲ್ಲಿ ಪತ್ರಿಕೆ ಓದುವುದು, ಆಗಾಗ ಮೌಸನ್ನು ಒಂದಿಷ್ಟು ಸರಿಸುವುದು. ಸಂಜೆ ನೋಡಿದರೆ ನಾಲ್ಕು ತಾಸು ಎಂದು ಕಾವಲುಗಾರ ಬರೆದಿದ್ದಾನೆ! ಎರಡು ದಿನ ಸಂತೋಷವೂ ಆಯಿತು. ಮೂರನೆಯ ದಿನ ಪುಟ ಎಣಿಸಿದೆವು. ಮೂರು ದಿನದಲ್ಲಿ ಎರಡು ಪುಟ. ಆಗ ಎಚ್ಚರವಾಯಿತು. ಯಾರಿಗೆ ಮೋಸ ಮಾಡುತ್ತಿದ್ದೇವೆ? ಆ ಲೆಕ್ಕವನ್ನು ನೋಡುವವರು ನಾವೊಬ್ಬರೇ. ಕಳ್ಳನೂ ನಾವೇ, ಫೌಜುದಾರನೂ ನಾವೇ.

ಅಂಕಿ ಎಂಬುದು ಹಾಗೆ. ನೋಡುವುದಕ್ಕೆ ಇಟ್ಟುಕೊಂಡಿರುವ ತನಕ ಅದು ನಿಜ ಹೇಳುತ್ತದೆ. ಮೆರೆಯುವುದಕ್ಕೆ ಇಟ್ಟುಕೊಂಡ ದಿನದಿಂದ ಸುಳ್ಳು ಕಲಿಯುತ್ತದೆ. ದೊಡ್ಡ ದೊಡ್ಡ ಕಂಪನಿಗಳಲ್ಲಿಯೂ ಇದೇ ನಡೆದಿದೆ. 2020ರಲ್ಲಿ ಕೊರೊನಾ ಬಂದು ಜನ ಮನೆಯಿಂದ ಕೆಲಸ ಮಾಡತೊಡಗಿದ ಮೇಲೆ, ಎಷ್ಟೋ ಮಾಲೀಕರು ನೌಕರರ ಯಂತ್ರಗಳಲ್ಲಿ ಇಂಥ ಕಾವಲನ್ನು ಕೂಡಿಸಿದರು. ನೌಕರರು ಏನು ಮಾಡಿದರು? ಮೌಸನ್ನು ತಾನಾಗಿ ಅಲುಗಾಡಿಸುವ ಸಣ್ಣ ಉಪಕರಣವನ್ನು ಪೇಟೆಯಿಂದ ಕೊಂಡು ತಂದರು. 2024ರಲ್ಲಿ ಅಮೆರಿಕದ ಒಂದು ದೊಡ್ಡ ಬ್ಯಾಂಕು, ಕೀಲಿಮಣೆ ಆಡುತ್ತಿರುವಂತೆ ನಟಿಸಿದರೆಂದು ಹತ್ತಾರು ಜನರನ್ನು ಕೆಲಸದಿಂದ ತೆಗೆಯಿತು. ಮಾಲೀಕನಿಗೆ ನಂಬಿಕೆ ಹೋಯಿತು, ನೌಕರನಿಗೆ ಮಾನ ಹೋಯಿತು, ಕೆಲಸವಂತೂ ಆಗಲೇ ಇಲ್ಲ. ಆದ್ದರಿಂದ ಇಲ್ಲಿ ಕುಳಿತ ಮಾಲೀಕರಿಗೆ, ತಂದೆತಾಯಂದಿರಿಗೆ, ಅತ್ತೆಯಂದಿರಿಗೆ ಹೇಳುತ್ತೇವೆ: ನಾವು ಇವತ್ತು ಹೇಳುವ ಲೆಕ್ಕ ಇನ್ನೊಬ್ಬರ ಮೇಲೆ ಹಿಡಿಯುವ ಲೆಕ್ಕವಲ್ಲ. ನಿಮ್ಮ ಮುಖ ನೋಡಿಕೊಳ್ಳುವುದಕ್ಕೆ ಕೊಟ್ಟ ಕನ್ನಡಿಯನ್ನು ನೆರೆಯವನ ಕಣ್ಣಿಗೆ ಬಿಸಿಲು ಹೊಡೆಯುವುದಕ್ಕೆ ಬಳಸಬೇಡಿರಿ.

ಇಂಥ ಲೆಕ್ಕವನ್ನು ಜೀವನವಿಡೀ ಶುದ್ಧವಾಗಿ ಇಟ್ಟವನು ಒಬ್ಬನಿದ್ದನು. ರಷ್ಯಾ ದೇಶದ ಅಲೆಕ್ಸಾಂಡರ್ ಲ್ಯುಬಿಶ್ಚೆವ್ ಎಂಬ ವಿಜ್ಞಾನಿ. 1890ರಲ್ಲಿ ಹುಟ್ಟಿದವನು, ಕೀಟಗಳನ್ನು ಅಭ್ಯಾಸ ಮಾಡಿದವನು. ಆಗ ಗಣಕಯಂತ್ರ ಎಲ್ಲಿಯದು? ಒಂದು ಕಾಗದ, ಒಂದು ಲೇಖನಿ. 1916ನೆಯ ಇಸವಿ ಜನವರಿ 1ರಂದು ಬರೆಯಲು ಆರಂಭಿಸಿದನು. 1972ರಲ್ಲಿ ತೀರಿಕೊಳ್ಳುವ ತನಕ 56 ವರ್ಷ ಬರೆದನು. ನಡುವೆ ಕ್ರಾಂತಿ ಬಂತು, ಎರಡನೆಯ ಮಹಾಯುದ್ಧ ಬಂತು, ಬರೆಯುವುದು ಬಿಡಲಿಲ್ಲ. ಇಂಥ ಕೀಟವನ್ನು ಗುರುತಿಸಿದ್ದು ಇಷ್ಟು ತಾಸು, ಪತ್ರ ಬರೆದದ್ದು ಇಷ್ಟು ನಿಮಿಷ, ಪುಸ್ತಕ ಓದಿದ್ದು ಇಷ್ಟು. ತಿಂಗಳ ಕೊನೆಗೆ ಒಟ್ಟು ಕೂಡಿಸುವುದು, ವರ್ಷದ ಕೊನೆಗೆ ಮತ್ತೆ ಕೂಡಿಸುವುದು, ಹಿಂದಿನ ವರ್ಷಕ್ಕೆ ಹೋಲಿಸುವುದು. ಅವನು ತೀರಿಕೊಂಡ ಮೇಲೆ 1974ರಲ್ಲಿ ಡಾನಿಯಿಲ್ ಗ್ರಾನಿನ್ ಎಂಬ ಲೇಖಕನು ಅವನ ಮೇಲೆ ಒಂದು ಪುಸ್ತಕ ಬರೆದುದರಿಂದ ಜಗತ್ತಿಗೆ ಇದು ತಿಳಿಯಿತು.

ಈಗ ಕೇಳಿರಿ. 56 ವರ್ಷ ಹೊತ್ತನ್ನು ಹೀಗೆ ಅಳೆದ ಮನುಷ್ಯನು ದಿನಕ್ಕೆ ಎಷ್ಟು ತಾಸು ತನ್ನ ಮುಖ್ಯ ಕೆಲಸ ಮಾಡಿರಬಹುದು? ಹನ್ನೆರಡು? ಹದಿನಾರು? 1966ನೆಯ ವರ್ಷದ ಅವನ ಲೆಕ್ಕದಲ್ಲಿ ಮೊದಲ ದರ್ಜೆಯ ಕೆಲಸಕ್ಕೆ 1906 ತಾಸು ಸಂದಿದೆ. ದಿನಕ್ಕೆ ಹಂಚಿದರೆ 5 ತಾಸು 13 ನಿಮಿಷ. ಅಷ್ಟೆ! ನಡುವೆ ಎದ್ದದ್ದನ್ನು, ಮಾತಾಡಿದ್ದನ್ನು ಕಳೆದು ಉಳಿದ ನಿವ್ವಳ ಹೊತ್ತನ್ನು ಮಾತ್ರ ಅವನು ಬರೆಯುತ್ತಿದ್ದನು. ಇನ್ನು ಅವನ ನಿದ್ದೆ? ದಿನಕ್ಕೆ ಸುಮಾರು ಹತ್ತು ತಾಸು. ದಣಿವಾದರೆ ಕೆಲಸ ನಿಲ್ಲಿಸಿ ವಿಶ್ರಾಂತಿ ತೆಗೆದುಕೊಳ್ಳುವುದು ಅವನ ನಿಯಮವಾಗಿತ್ತು. ಹಾಗಿದ್ದೂ ಎಪ್ಪತ್ತಕ್ಕಿಂತ ಹೆಚ್ಚು ಪ್ರಕಟಿತ ಬರಹಗಳನ್ನೂ ಸಾವಿರಾರು ಪುಟ ಹಸ್ತಪ್ರತಿಗಳನ್ನೂ ಬಿಟ್ಟು ಹೋದನು.

ಇದರಿಂದ ನಮಗೆ ಧೈರ್ಯ ಬಂತು. ಲೆಕ್ಕ ಇಡುವುದು ನಿದ್ದೆಗೆಟ್ಟು ಓಡುವುದಕ್ಕಲ್ಲ. ಹದಿನಾಲ್ಕು ತಾಸು ದುಡಿಯುತ್ತೇನೆಂದು ಹೇಳಿಕೊಳ್ಳುವವನಿಗೆ ತನ್ನ ನಿವ್ವಳ ಎಷ್ಟೆಂದು ಗೊತ್ತಿಲ್ಲ. ಐದು ತಾಸು ಎಂದು ಬರೆದಿಟ್ಟವನಿಗೆ ಗೊತ್ತು. ಕಾಯಕ ಎಂಬ ಮಾತನ್ನು ನಾವು ದಿನಾಲು ಆಡುತ್ತೇವೆ. ಕಾಯಕದಲ್ಲಿ ಕಾಯ ಇದ್ದರೆ ಸಾಲದು, ಮನಸ್ಸೂ ಅಲ್ಲಿಯೇ ಇರಬೇಕು. ಕುಳಿತ ಹೊತ್ತು ಕಾಯದ್ದು. ಮಾಡಿದ ಕೆಲಸ ಎರಡೂ ಕೂಡಿದಾಗಿನದು.

ಆ ಮೇಲೆ ನಾವು ಮಾಡಿದ ಏರ್ಪಾಡು ಬಹಳ ಸಣ್ಣದು. ಪೂಜೆ ಮುಗಿದ ಮೇಲೆ ಬೆಳಗ್ಗೆ ಒಂದೂವರೆ ತಾಸು. ಆ ಹೊತ್ತಿನಲ್ಲಿ ಗಣಕಯಂತ್ರದ ಇಂಟರ್‌ನೆಟ್ಟಿನ ತಂತಿ ಕಿತ್ತಿಡುವುದು, ಫೋನು ಕಾರ್ಯದರ್ಶಿಗಳ ಕೋಣೆಯಲ್ಲಿ. ಮೊದಲ ವಾರ ಬಹಳ ಕಷ್ಟವಾಯಿತು. ಹತ್ತು ನಿಮಿಷಕ್ಕೆ ಕೈ ತಾನಾಗಿ ಮೌಸಿಗೆ ಹೋಗುತ್ತಿತ್ತು, ಕಿಟಕಿ ತೆರೆಯುತ್ತಿತ್ತು, ಅಲ್ಲಿ ಏನೂ ಇಲ್ಲವೆಂದು ಕಂಡು ಹಿಂದಿರುಗುತ್ತಿತ್ತು. ಮೇವಿಲ್ಲದ ಗೋದಲಿಗೆ ಬಾಯಿ ಹಾಕಿ ಬರುವ ದನದ ಹಾಗೆ. ಎರಡನೆಯ ತಿಂಗಳಿಗೆ ಹೋಗುವುದು ಬಿಟ್ಟಿತು. ಒಂಬತ್ತು ತಿಂಗಳಲ್ಲಿ ಉಳಿದ ಐದೂವರೆ ನೋಟುಪುಸ್ತಕಗಳೂ ಮುಗಿದವು. ಲೆಕ್ಕ ನೋಡಿದರೆ ಒಟ್ಟು 352 ತಾಸು.

ಆ 352 ಎಂಬ ಅಂಕಿಯನ್ನು ಮುಂದಿಟ್ಟುಕೊಂಡು ನಾವು ಇನ್ನೊಂದು ಲೆಕ್ಕ ಮಾಡಿದೆವು. ಅದನ್ನು ಮಾಡದಿದ್ದರೆ ಚೆನ್ನಾಗಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಮೊದಲ ವಾರ ಸುದ್ದಿಗೂ ವಿಡಿಯೊಗಳಿಗೂ ಹೋದದ್ದು 9 ತಾಸು 40 ನಿಮಿಷ ಎಂದೆವಲ್ಲ, ಅದೇ ಪ್ರಮಾಣದಲ್ಲಿ ಮೂರು ವರ್ಷ ಹೋಗಿದ್ದರೆ ಸಾವಿರದ ಐನೂರು ತಾಸು. ಏಳು ನೋಟುಪುಸ್ತಕಗಳನ್ನು ಮೂರು ಸಲ ಮುಗಿಸಬಹುದಾಗಿತ್ತು. "ಹೊತ್ತು ಸಾಲುತ್ತಿಲ್ಲ ಮಾಸ್ತರೆ" ಎಂದು ನಾವು ಹೇಳಿದ ಮಾತು ಏನಾಗಿತ್ತೆಂಬುದು ಆಗ ತಿಳಿಯಿತು.

ಅಚ್ಚಿನ ಕರಡು ಬಂದ ದಿನವೇ ಅದನ್ನು ತೆಗೆದುಕೊಂಡು ಮಾಸ್ತರರ ಊರಿಗೆ ಹೋದೆವು. ಅವರು ಪಡಸಾಲೆಯಲ್ಲಿ ಕುಳಿತಿದ್ದರು. ಕಾಲಿನ ಸಪ್ಪಳ ಕೇಳಿ, "ಯಾರು?" ಎಂದರು. ಎರಡು ವರ್ಷದಿಂದ ಮಬ್ಬಾಗುತ್ತ ಬಂದ ಅವರ ಕಣ್ಣು ಆ ವರ್ಷ ಪೂರ್ತಿ ಹೋಗಿತ್ತು. ಕಣ್ಣಿನ ಒತ್ತಡದ ರೋಗ. ಹೋದ ದೃಷ್ಟಿ ಮರಳಿ ಬರುವುದಿಲ್ಲ ಎಂದು ವೈದ್ಯರು ಹೇಳಿದ್ದರಂತೆ. ಜಾತ್ರೆಗೆ ಬಂದಾಗ ನಮಗೆ ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಕರಡನ್ನು ಅವರ ಕೈಯಲ್ಲಿ ಇಟ್ಟೆವು. ಅವರು ಕಾಗದವನ್ನು ಬೆರಳಿನಿಂದ ಸವರಿದರು, ದಪ್ಪ ನೋಡಿದರು. ಅವರ ಮೊಮ್ಮಗಳು ಪಕ್ಕದಲ್ಲಿ ಕುಳಿತು ಓದಿದಳು. ಮೂರನೆಯ ಪುಟದಲ್ಲಿ ಒಂದು ಕಡೆ ಕೈ ಎತ್ತಿ ನಿಲ್ಲಿಸಿದರು. "ಇಲ್ಲಿ ಗುರುಗಳು ಹೊಲ ಎನ್ನಲಿಲ್ಲ, ತೋಟ ಎಂದರು" ಎಂದರು. ನಲವತ್ತು ವರ್ಷದ ಹಿಂದಿನ ಮಾತು! ತಿದ್ದಿಕೊಂಡೆವು. ಅವರು ಮತ್ತೇನೂ ಹೇಳಲಿಲ್ಲ, ತಡವಾಯಿತು ಎಂದು ಸಹ ಹೇಳಲಿಲ್ಲ. ಹೇಳಿದ್ದರೆ ನಮಗೆ ಹಗುರವಾಗುತ್ತಿತ್ತು.

ಹೋದ ಹೊತ್ತು ಎಂದು ನಾವು ಮಾತಿಗೆ ಹೇಳುತ್ತೇವೆ. ಅದು ಸುಮ್ಮನೆ ಹೋಗುವುದಿಲ್ಲ. ಯಾರಿಗೋ ಸೇರಬೇಕಾದದ್ದನ್ನು ತೆಗೆದುಕೊಂಡು ಹೋಗುತ್ತದೆ. ಮಗುವಿಗೆ ಕೊಡಬೇಕಾದ ಸಂಜೆಯನ್ನು ತೆಗೆದುಕೊಂಡು ಹೋಗುತ್ತದೆ, ತಾಯಿಗೆ ಕೊಡಬೇಕಾದ ಮಾತನ್ನು ತೆಗೆದುಕೊಂಡು ಹೋಗುತ್ತದೆ. ನಮ್ಮ ಹೊತ್ತು ನಮ್ಮದೊಂದೇ ಆಗಿದ್ದರೆ ಇಷ್ಟು ಲೆಕ್ಕ ಬೇಕಾಗಿರಲಿಲ್ಲ.

ಆದರೆ ಇನ್ನೊಂದು ಎಚ್ಚರವನ್ನೂ ಹೇಳಬೇಕು. ಆ ಒಂಬತ್ತು ತಿಂಗಳಲ್ಲಿ ಒಂದು ದಿನದ ಪಟ್ಟಿ ಪೂರ್ತಿ ಬರಿದಾಗಿತ್ತು. ಬೆಳಗಿನಿಂದ ಸಂಜೆಯ ತನಕ 'ಆಸನ ಖಾಲಿ' ಎಂದೇ ಕಾವಲುಗಾರ ಬರೆದಿದ್ದನು. ಅಂದು ನಾವು ಮಗನನ್ನು ಕಳೆದುಕೊಂಡ ಒಬ್ಬ ತಾಯಿಯ ಮನೆಯಲ್ಲಿ ಕುಳಿತಿದ್ದೆವು. ಏನೂ ಮಾತಾಡಲಿಲ್ಲ, ಸುಮ್ಮನೆ ಕುಳಿತಿದ್ದೆವು. ಆ ದಿನವನ್ನು ಯಾವ ಪಟ್ಟಿಯಲ್ಲಿ ಬರೆಯುವುದು? ಯಂತ್ರಕ್ಕೆ ಕಾಣುವುದು ಕಿಟಕಿ ಮಾತ್ರ. ಪತ್ರಗಳಿಗೆ ಹೋದ 13 ತಾಸನ್ನು ಅದು ಒಂದೇ ಬಣ್ಣದಲ್ಲಿ ತೋರಿಸುತ್ತದೆ. ಅದರಲ್ಲಿ ಒಂದು ಪತ್ರ ದಾರಿಗೆಟ್ಟ ಹುಡುಗನಿಗೆ ಬರೆದದ್ದು, ಹತ್ತು ಸಂದೇಶ ಬರಿಯ ಹೂವಿನ ಚಿತ್ರಗಳಿಗೆ ಕೈಮುಗಿದದ್ದು. ಯಾವುದು ಕಾಳು, ಯಾವುದು ಹೊಟ್ಟು ಎಂದು ಅದಕ್ಕೆ ತಿಳಿಯದು. ಹೊತ್ತು ಎಲ್ಲಿ ಹೋಯಿತೆಂದು ಅದು ಹೇಳುತ್ತದೆ. ಎಲ್ಲಿ ಹೋಗಬೇಕಾಗಿತ್ತೆಂದು ನೀವೇ ಹೇಳಬೇಕು.

ಹಾಗಾದರೆ ನೀವು ಏನು ಮಾಡಬೇಕು? ಸುಲಭವಾದದ್ದನ್ನು ಹೇಳುತ್ತೇವೆ. ನಿಮ್ಮ ಮೊಬೈಲಿನಲ್ಲಿಯೇ ಈ ಲೆಕ್ಕ ಇದೆ. 2018ರಿಂದ ಆಪಲ್ ಫೋನುಗಳಲ್ಲಿ 'ಸ್ಕ್ರೀನ್ ಟೈಮ್' ಎಂದೂ ಆಂಡ್ರಾಯ್ಡ್ ಫೋನುಗಳಲ್ಲಿ 'ಡಿಜಿಟಲ್ ವೆಲ್‌ಬೀಯಿಂಗ್' ಎಂದೂ ಬಂದಿದೆ. ಗಣಕಯಂತ್ರದ ಮೇಲೆ ಕೆಲಸ ಮಾಡುವವರು ನಾವು ಹೇಳಿದಂಥ ತಂತ್ರಾಂಶ ಹಾಕಿಕೊಳ್ಳಬಹುದು. ಬರೆದ ಲೆಕ್ಕ ನಿಮ್ಮ ಯಂತ್ರದಲ್ಲೇ ಉಳಿಯುತ್ತದೆಯೋ ಕಂಪನಿಯವರ ಕಡೆಗೆ ಹೋಗುತ್ತದೆಯೋ ಎಂದು ಮೊದಲು ನೋಡಿಕೊಳ್ಳಿರಿ.

ಮೊದಲ ವಾರ ಏನನ್ನೂ ಬದಲಾಯಿಸಬೇಡಿರಿ. ಪ್ರತಿ ಸಂಜೆ ಲೆಕ್ಕ ತೆರೆಯುವ ಮೊದಲು, ಇವತ್ತು ಯಾವುದಕ್ಕೆ ಎಷ್ಟು ಹೊತ್ತು ಕೊಟ್ಟೆ ಎಂದು ನಿಮ್ಮ ಅಂದಾಜನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ವಾರದ ಕೊನೆಗೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿರಿ. ಚೀಟಿಗೂ ಲೆಕ್ಕಕ್ಕೂ ನಡುವೆ ಇರುವ ಅಂತರವೇ ನೀವು ಕಲಿಯಬೇಕಾದ ಪಾಠ. ಹತ್ತು ಹದಿನೈದು ಪಟ್ಟಿ ಮಾಡಬೇಡಿರಿ, ಲೆಕ್ಕ ಇಡುವುದೇ ಒಂದು ಕೆಲಸವಾಗುತ್ತದೆ. ಮಾತು ಕೊಟ್ಟ ಕೆಲಸ, ಮಾಡಲೇಬೇಕಾದ ಚಿಲ್ಲರೆ ಕೆಲಸ, ಉಳಿದದ್ದು, ಮೂರೇ ಸಾಕು. ಉಳಿದದ್ದರಲ್ಲಿ ವಿಶ್ರಾಂತಿಯೂ ಇರಲಿ, ಅದಕ್ಕೆ ನಾಚಬೇಕಾಗಿಲ್ಲ. ಲ್ಯುಬಿಶ್ಚೆವ್ ಹತ್ತು ತಾಸು ಮಲಗುತ್ತಿದ್ದನೆಂಬುದನ್ನು ನೆನೆಯಿರಿ. ಆ ಮೇಲೆ ದಿನದಲ್ಲಿ ಒಂದೇ ತಾಸನ್ನು ಬೇಲಿ ಹಾಕಿ ಕಾಯಿರಿ. ನಾಲ್ಕು ತಾಸಿಗೆ ಬೇಲಿ ಹಾಕಹೋದರೆ ನಾಲ್ಕೂ ಕಡೆ ಮುರಿಯುತ್ತದೆ.

ಹೀಗೆ ಒಂದು ತಿಂಗಳು ನೋಡಿದರೆ ಸಾಕು, ನಿಮ್ಮ ನಡೆ ನಿಮಗೆ ಗೊತ್ತಾಗುತ್ತದೆ. ಆ ಮೇಲೆ ಕಾವಲುಗಾರನನ್ನು ಕಳಿಸಿಬಿಟ್ಟರೂ ನಡೆದೀತು. ನಾವು ಕಳಿಸಿಲ್ಲ. ನಮ್ಮ ಮೇಲೆ ನಮಗೆ ಅಷ್ಟು ನಂಬಿಕೆ ಇನ್ನೂ ಬಂದಿಲ್ಲ.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿರಿ. ಯಾರಿಗೆ ನೀವು "ಹೊತ್ತು ಸಾಲುತ್ತಿಲ್ಲ" ಎಂದು ಹೇಳುತ್ತ ಬಂದಿದ್ದೀರಿ ಎಂದು ನೆನೆಯಿರಿ. ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಹೆಸರನ್ನು ಆ ಚೀಟಿಯ ಮೇಲೆ ಮೊದಲು ಬರೆಯಿರಿ, ಲೆಕ್ಕ ಆಮೇಲೆ. ಅವರ ಕಣ್ಣು ಇರುವಾಗಲೇ ಹೋಗಿರಿ.